ಲಕ್ಕುಂಡಿಗೆ ಮಂದಿ ಬರ್ತಾರ, ಊರಾಗ ಒಂದ್ ರಾತ್ರಿ ಯಾಕ ನಿಂದ್ರೂದಿಲ್ಲ?

ಲೊಕ್ಕಿಗುಂಡಿ ಓಣಿ:
ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗತೈತಿ, ಪುರಸೊತ್ತಿದ್ದಾಗ ಓದ್ರಿ. ನಾ ಲಕ್ಕುಂಡಿಯವ, ಕೆಲಸ ಗದಗಿನಾಗ, ದಿನಾ ಹೋಗಿ ಬರ್ತೀನಿ. ಹುಬ್ಬಳ್ಳಿಯಿಂದ ಹಂಪಿಗೆ ಹೋಗೋ ಹೈವೇ ನಮ್ಮೂರ ಬಾಜೂಕನ ಹಾದು ಹೋಗತೈತಿ, ಗದಗ ದಾಟಿ 12 ಕಿಲೋಮೀಟರ್ ಅಷ್ಟ. ಚಳಿಗಾಲದಾಗ ಕಾರು, ಟೆಂಪೋ ಟ್ರಾವೆಲರ್, ಶಾಲಿ ಟ್ರಿಪ್ಪಿನ ಬಸ್ಸು ಬರ್ತಾನ ಇರ್ತಾವ. ಇಳಿತಾರ, ಕಾಶಿವಿಶ್ವೇಶ್ವರ ಗುಡಿ ನೋಡ್ತಾರ, ಫೋಟೋ ಹೊಡಕೋತಾರ, ಟೈಮ್ ಇದ್ದವರು ಬ್ರಹ್ಮ ಜಿನಾಲಯಕ್ಕ ಹೋಗ್ತಾರ, ಮುಸುಕಿನ ಬಾವಿ ತನಕ ನಡಕೊಂಡ್ ಬರೋರು ಭಾಳ ಕಡಿಮಿ. ಅರ್ಧಾ ತಾಸಿನಾಗ ಗಾಡಿ ಹತ್ತಿ ಹೊಂಟ್ರು. ಊಟ ಹೈವೇ ಹೋಟೆಲ್ನಾಗ, ಮಲಗೂದು ಹೊಸಪೇಟ್ಯಾಗ. ನಮ್ಮೂರಿಗೆ ಉಳಿಯೂದು ಎರಡ್ ಎಳನೀರಿನ ರೊಕ್ಕ, ನಾಕ್ ಚಾದ ರೊಕ್ಕ, ಮತ್ತ ಖಾಲಿ ಬಾಟ್ಲಿ.

ಅರ್ಧಾ ತಾಸಿನಾಗ ನೋಡಿ ಮುಗಿಸೂವಂಥ ಊರಲ್ರಿ ಇದು. ಕಾಶಿವಿಶ್ವೇಶ್ವರ ಅಂದ್ರ ಎದುರಾಬದುರು ಎರಡು ಗರ್ಭಗುಡಿ, ಒಂದು ಶಿವಂದು, ಒಂದು ಸೂರ್ಯಂದು. ಮುಂಜಾನೆ ಓರೆ ಬಿಸಲು ಬಿದ್ದಾಗ ಬಾಗಲ ಚೌಕಟ್ಟಿನ ಮುಂದ ನಿಂತ್ ನೋಡ್ರಿ, ಒಂದರ ಬಾಜೂಕ ಒಂದು ಪಟ್ಟಿ ಪಟ್ಟಿ ಕೆತ್ತನಿ, ಬಳ್ಳಿ, ಬಳ್ಳಿ ಸುತ್ತಿನಾಗ ಬೆರಳಿನಷ್ಟು ಮೂರ್ತಿ, ಕಲ್ಲು ಎಷ್ಟು ಆಳಕ್ಕ ಕೊರದಾರಂದ್ರ ಬಳ್ಳಿ ಹಿಂದ ನೆರಳು ಬೀಳತೈತಿ. ಮಧ್ಯಾಹ್ನ ಹನ್ನೆರಡಕ್ಕ ಬಂದವರಿಗೆ ಅದ ಚೌಕಟ್ಟು ಸಪಾಟ ಕಾಣತೈತಿ. ಬಾದಾಮಿ, ಐಹೊಳಿ ಕಡೆ ಎಲ್ಲಾ ಮರಳುಗಲ್ಲು, ಕಲ್ಯಾಣ ಚಾಲುಕ್ಯರ ಕಾಲಕ್ಕ ನಮ್ಮ ಕಡೆ ಶಿಲ್ಪಿಗಳು ಬಳಪದ ಕಲ್ಲು ಹಿಡದ್ರು, ಅದು ಮೆತ್ತಗಿನ ಕಲ್ಲು, ಅದಕ ಇಷ್ಟು ಸಣ್ಣ ಕೆಲಸ, ತಿರುಗಣಿಗೆ ಹಾಕಿ ನುಣುಪು ಮಾಡಿದ ಕಂಬ ಎಲ್ಲಾ ಸಾಧ್ಯ ಆತು. ಬ್ರಹ್ಮ ಜಿನಾಲಯ ದಾನಚಿಂತಾಮಣಿ ಅತ್ತಿಮಬ್ಬೆ 1007 ರಾಗ ಕಟ್ಟಿಸಿದ್ದು. ಕವಿ ರನ್ನಗ ಆಸರಾದಾಕಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಾಕಿ. ಅಚ್ಚು ಇಲ್ಲದ ಕಾಲದಾಗ ಸಾವಿರ ಪ್ರತಿ ಅಂದ್ರ ಎಷ್ಟು ಮಂದಿ ಕುಂತು ಎಷ್ಟು ತಾಳೆಗರಿ ಗೀಚಿರಬೇಕು, ಸ್ವಲ್ಪ ವಿಚಾರ ಮಾಡ್ರಿ. ಇನ್ನ ಮಾಣಿಕೇಶ್ವರ ಗುಡಿ ಹತ್ರ ಮುಸುಕಿನ ಬಾವಿ, ಮ್ಯಾಲಿಂದ ಮೆಟ್ಲ ಇಳಕೋತ ಹೋದಂಗ ಗ್ವಾಡಿಯೊಳಗ ಸಣ್ಣ ಸಣ್ಣ ಗುಡಿಯಂಥ ಗೂಡು, ಕೆಳಗ ನೀರು. 101 ಗುಡಿ 101 ಬಾವಿ ಅಂತ ಹಿರ್ಯಾರು ಹೇಳ್ಕೋತ ಬಂದ ಊರಿದು.

ಈಗ ನನ್ನ ಮಾತು. ಗುಡಿ ಊರ ಹೊರಗಿಲ್ಲ, ಓಣ್ಯಾಗ ಅದಾವ, ಗುಡಿ ಗ್ವಾಡಿ ಬಾಜೂಕ ಮಂದಿ ಮನಿ ಅದಾವ. 1958 ರ ಸ್ಮಾರಕ ಕಾಯ್ದೆಗೆ 2010 ರಾಗ ತಿದ್ದುಪಡಿ ಬಂದ ಮ್ಯಾಲ ಕೇಂದ್ರ ಸಂರಕ್ಷಿತ ಗುಡಿಯಿಂದ 100 ಮೀಟರ್ ಒಳಗ ಹೊಸದು ಕಟ್ಟಂಗಿಲ್ಲ, ಅದರ ಆಚೆ ಇನ್ನೂ 200 ಮೀಟರ್ ತನಕ ಪರ್ಮಿಷನ್ ಬೇಕು, ಹಳೇ ಮನಿ ರಿಪೇರಿಗೂ ಅರ್ಜಿ. ಕಾಯ್ದೆ ಬೇಕು, ಅದರ ಬಗ್ಗೆ ನಂದು ತಕರಾರಿಲ್ಲ, ಅದಿಲ್ಲದಿದ್ರ ಗುಡಿ ಸುತ್ತ ಮೂರಂತಸ್ತಿನ ಬಿಲ್ಡಿಂಗ್ ಏಳತಿದ್ವು. ಆದ್ರ ಮಳೀಗೆ ಹಿತ್ತಲ ಗ್ವಾಡಿ ಬಿದ್ದವಗ ಆ ಗುಡಿಯಿಂದ ಬಂದದ್ದು ಬರೇ ಅಡಚಣಿ. ಸಾವಿರ ವರ್ಷದ ಕಲ್ಲು ಕಾಯೂ ಭಾರ ಇವನ ಮ್ಯಾಲ, ಅದರಿಂದ ಬರೋ ರೊಕ್ಕ ಹುಬ್ಬಳ್ಳಿ ಏಜೆನ್ಸಿಗೆ, ಹೊಸಪೇಟಿ ಲಾಡ್ಜಿಗೆ. ಹಿಂಗ ಇದ್ರ ಊರ ಮಂದಿಗೆ ಗುಡಿ ಮ್ಯಾಲ ಪ್ರೀತಿ ಹೆಂಗ ಉಳೀಬೇಕ್ರಿ?

ಅದಕ ನಾ ಹೇಳೂದು, ಎಷ್ಟು ಮಂದಿ ಬಂದ್ರು ಅನ್ನೂ ಲೆಕ್ಕ ಸಾಕು. ಎಷ್ಟು ಮಂದಿ ರಾತ್ರಿ ಉಳದ್ರು, ಎಷ್ಟು ಮನಿಗೆ ರೊಕ್ಕ ಮುಟ್ಟಿತು, ಅದನ್ನ ಎಣಿಸೋಣ. ಊರಾಗ ಈಗ ಇರೋ ಮಣ್ಣಿನ ಮ್ಯಾಳಗಿ ಮನಿ ಒಂದೈದಾರು ತಯಾರು ಮಾಡಿ, ಸಂಜೀಕ ಬಂದು, ರೊಟ್ಟಿ ಉಂಡು, ಮ್ಯಾಳಗಿ ಮ್ಯಾಲ ಮಲಗಿ, ಮುಂಜಾನೆ ಬಿಸಲಿಗೆ ಗುಡಿ ನೋಡಿ ಹೋಗೂವಂಗ ಮಾಡಾಕ ಬರತೈತೇನು? ನಿಮ್ಮ ಕಡೆ ಯಾರರೆ ಮಾಡ್ಯಾರೇನು? ಆಗೂದಿಲ್ಲ ಅನ್ನೋರು ಯಾಕ ಆಗೂದಿಲ್ಲ ಅಂತನೂ ಹೇಳ್ರಿ.

ಹುಬ್ಬಳ್ಳಿ ಸ್ಟೇರಿಂಗ್:
ಅಣ್ಣಾರ, ನಾ ಟೂರಿಸ್ಟ್ ಗಾಡಿ ಹೊಡಿಯಾಂವ, ನಿಮ್ಮೂರಾಗ ಅರ್ಧಾ ತಾಸು ನಿಲ್ಲಸೋ ಮಂದ್ಯಾಗ ನಾನೂ ಒಬ್ಬ. ಯಾಕ ಅಂತ ಹೇಳ್ತೀನಿ ಕೇಳ್ರಿ. ಪಾರ್ಟಿ ಹುಬ್ಬಳ್ಳಿ ಸ್ಟೇಷನ್ನಾಗ ಇಳೀತೈತಿ, ಸಂಜೀಕ ಹೊಸಪೇಟ್ಯಾಗ ರೂಮ್ ಬುಕ್ ಆಗಿರತೈತಿ, ರೂಮಿನ ರೊಕ್ಕ ಮೊದಲ ಕಟ್ಟಿರ್ತಾರ. ನಡುವ ಏನರೆ ಇದ್ರ ತೋರಸ್ರಿ ಅಂತಾರ, ನಾವು ಲಕ್ಕುಂಡಿ ತೋರಸ್ತೀವಿ. ಅವರಿಗೆ ಇದು ದಾರ್ಯಾಗ ಸಿಕ್ಕದ್ದು, ಇದಕ್ಕಂತ ಬಂದವರಲ್ಲ. ಇನ್ನೊಂದು ಮಾತು ಯಾರೂ ಹೇಳೂದಿಲ್ಲ, ಪಾರ್ಟಿ ಎಲ್ಲಿ ಉಳೀಬೇಕು ಅನ್ನೂದ್ರಾಗ ಡ್ರೈವರ್ ಮಾತು ಭಾಳ ನಡೀತೈತಿ. ಹೊಸಪೇಟ್ಯಾಗ ಲಾಡ್ಜಿನವ್ರು ನಮಗ ಮಲಗಾಕ ಹಾಸಿಗಿ, ಸ್ನಾನಕ್ಕ ಬಿಸಿನೀರು, ಊಟ ಕೊಡ್ತಾರ. ಹಳ್ಳ್ಯಾಗ ಹೋಮ್‌ಸ್ಟೇ ಅಂದ್ರ ಪಾರ್ಟಿಗೆ ರೂಮ್, ನಾವು ಗಾಡ್ಯಾಗ ಸೀಟ್ ಹಿಂದಕ್ಕ ಹಾಕ್ಕೊಂಡು ಸೊಳ್ಳಿ ಕಡಿಸ್ಕೋತ ಮಲಗೂದು. ಮರುದಿನ ಇನ್ನೂರು ಕಿಲೋಮೀಟರ್ ಗಾಡಿ ಹೊಡೀಬೇಕು. ನೀವು ಐದಾರು ಮನಿ ತಯಾರು ಮಾಡೋರು ಡ್ರೈವರಿಗೂ ಒಂದು ಪಡಸಾಲಿ ಇಡ್ರಿ, ಎರಡ್ ರೊಟ್ಟಿ ಹಾಕ್ರಿ, ಮುಂದಿನ ಸೀಸನ್ನಿಗೆ ಹುಬ್ಬಳ್ಳ್ಯಾಗಿನ ಎಲ್ಲಾ ಗಾಡಿಯವ್ರು ನಿಮ್ಮೂರ ಹೆಸರು ಹೇಳ್ತಾರ, ಇದು ಖರೇ.

ಲೊಕ್ಕಿಗುಂಡಿ ಓಣಿ:
ಇದು ನನ್ನ ತಲ್ಯಾಗನ ಬಂದಿರಲಿಲ್ರಿ, ಭಾಳ ಉಪಕಾರ ಆತು. ಪಡಸಾಲಿ ಏನ್ರಿ, ಕಾಟ್ ಹಾಸಿಗಿ ಫ್ಯಾನ್ ಎಲ್ಲಾ ಆಗತೈತಿ, ಲೆಕ್ಕದಾಗ ಮೊದಲ ಹಿಡೀತೀನಿ.

ಮೈಸೂರು ಮಾವಿನಕೆರೆ:
ನಾನು ಮೈಸೂರಿನವಳು, ಪ್ರವಾಸಿಯಾಗಿ ಬಂದವಳ ಅನುಭವ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಹೋದ ಡಿಸೆಂಬರ್‌ನಲ್ಲಿ ನಾನೂ ನನ್ನ ಅಕ್ಕನೂ ಗದಗಿಗೆ ರೈಲಲ್ಲಿ ಬಂದು ಅಲ್ಲಿಂದ ಬಸ್ಸಲ್ಲಿ ಲಕ್ಕುಂಡಿಗೆ ಬಂದ್ವಿ. ಬೇಲೂರು ಹಳೇಬೀಡು ನೋಡಿ ಬೆಳೆದವರು ನಾವು, ಆದ್ರೂ ಆ ಬಾಗಿಲ ಚೌಕಟ್ಟು ನೋಡಿ ಮಾತೇ ಹೊರಡಲಿಲ್ಲ. ಆದ್ರೆ ಮೂರು ಗಂಟೆ ಊರಲ್ಲಿದ್ದು ಶೌಚಾಲಯಕ್ಕೆ ಪಟ್ಟ ಪಾಡು ಇದ್ಯಲ್ಲ, ಕಟ್ಟಡ ಇತ್ತು, ಬೀಗ ಹಾಕಿತ್ತು, ಕೀಲಿ ಯಾರ ಹತ್ರ ಅಂತ ಕೇಳಿದ್ರೆ ಒಬ್ಬರು ಇನ್ನೊಬ್ಬರನ್ನ ತೋರಿಸಿದ್ರು. ಕೊನೆಗೆ ಬಾವಿ ಹತ್ರದ ಮನೆಯ ಒಬ್ಬ ಅಜ್ಜಿ ಒಳಗೆ ಕರೆದ್ರು, ಆಮೇಲೆ ಕೂತ್ಕೊಳ್ಳಿ ಅಂತ ಹೇಳಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಟ್ರು. ಚಟ್ನಿಪುಡಿ ಒಳಕಲ್ಲಲ್ಲಿ ಕುಟ್ಟಿದ್ದಂತೆ, ಎಣ್ಣೆ ಬಿಟ್ಟುಕೊಂಡು ಹೊಳೀತಿತ್ತು. ದುಡ್ಡು ಕೊಟ್ರೆ ತಗೊಳ್ಳಲಿಲ್ಲ, ಅತಿಥಿಗಳ ಹತ್ರ ತಗೋಬಾರ್ದು ಅಂದ್ರು. ಅವರಿಗೆ ದುಡ್ಡು ತಗೊಳ್ಳೋಕೆ ಒಂದು ಮರ್ಯಾದೆಯ ದಾರಿ ಮಾಡಿಕೊಡಿ ನೀವು. ಅಲ್ಲಿ ಒಂದು ರಾತ್ರಿ ಇರೋ ವ್ಯವಸ್ಥೆ ಇದ್ದಿದ್ರೆ ನಾವು ಖಂಡಿತ ಉಳೀತಿದ್ವಿ, ಎಸಿ ಬೇಡ, ಟಿವಿ ಬೇಡ, ಶುಚಿಯಾದ ಬಚ್ಚಲು ಮತ್ತೆ ಒಳಗಿಂದ ಹಾಕಿಕೊಳ್ಳೋಕೆ ಒಂದು ಗಟ್ಟಿ ಚಿಲಕ ಇದ್ರೆ ಸಾಕು.

ಬೆಟಗೇರಿ ಮಗ್ಗ:
ಎಲ್ಲಾರೂ ಛಂದ ಮಾತಾಡಾಕತ್ತೀರಿ, ನಂದು ಉಲ್ಟಾ ಮಾತು. ಬ್ಯಾಡ್ರಿ ಇದು. ಹಂಪ್ಯಾಗ ಏನಾತು ನೋಡ್ರಿ. ವಿರೂಪಾಕ್ಷ ಗುಡಿ ಮುಂದಿನ ಬಜಾರದಾಗ ಮಂದಿ ಮನಿ, ಅಂಗಡಿ, ಊಟದ ಹೋಟೆಲ್ ಮಾಡ್ಕೊಂಡಿದ್ರು, ಟೂರಿಸ್ಟ್ ಬಂದಂಗ ಕಟ್ಟೂದು ಹೆಚ್ಚಾತು, 2011 ರಾಗ ಜೆಸಿಬಿ ಬಂದು ಎಲ್ಲಾ ಎಬ್ಬಿಸಿ ಕಳಿಸಿದ್ರು. ಹೊಳಿ ಆಚೆ ವಿರೂಪಾಪುರ ಗಡ್ಡ್ಯಾಗ ರೆಸಾರ್ಟ್ ಮ್ಯಾಲ ರೆಸಾರ್ಟ್, 2020 ರಾಗ ಸುಪ್ರೀಂ ಕೋರ್ಟ್ ಆದೇಶ ಬಂದು ಅವೂ ನೆಲಕ್ಕ ಬಿದ್ವು. ಎರಡೂ ಕಡೆ ಮೊದಲು ಯಾರು ಬಂದ್ರು? ನಿಮ್ಮಂಗ ಎರಡು ಕೋಲಿ ಬಾಡಗಿ ಕೊಟ್ಟ ಊರವ್ರು. ಆಮ್ಯಾಲ ರೊಕ್ಕ ಇದ್ದವ್ರು ಹೊರಗಿಂದ ಬಂದ್ರು, ಜಾಗ ಲೀಸಿಗೆ ಹಿಡದ್ರು, ಊರವ್ರು ಅಲ್ಲೇ ವೇಟರ್ ಆದ್ರು. ಲಕ್ಕುಂಡ್ಯಾಗ ಇವತ್ತು ಐದು ಮನಿ, ಮುಂದ ಹೈವೇ ಬಾಜೂಕ ಎರಿ ಹೊಲಕ್ಕ ಎನ್‌ಎ, ಅಂದ್ರ ಬಿನ್‌ಶೇತ್ಕಿ, ಮಾಡಿಸಿ ಹೆರಿಟೇಜ್ ರೆಸಾರ್ಟ್ ಅಂತ ಬೋರ್ಡ್ ಬೀಳತೈತಿ, ಈಜುಕೊಳ ಬರತೈತಿ, ಬೋರ್ ಹೊಡೀತಾರ. ಬ್ಯಾಸಗ್ಯಾಗ ನಮ್ಮ ಜಿಲ್ಲಾದಾಗ ನೀರಿನ ಪರಿಸ್ಥಿತಿ ನಿಮಗ ಗೊತ್ತಿಲ್ಲೇನು? ನಾ ಮಗ್ಗದ ಮನಿಯಾಂವ, ನಮ್ಮ ಧಂದೆ ಹೆಂಗ ಮಧ್ಯದವರ ಕೈಗೆ ಹೋತು ಅಂತ ಕಣ್ಣಾರೆ ನೋಡೀನಿ, ಅದಕ ಹೊಟ್ಟಿ ಉರದು ಹೇಳಾಕತ್ತೀನಿ.

ಗಂಗಾವತಿ ಕಡಿಯವ:
ಬೆಟಗೇರಿ ಅಣ್ಣಾವ್ರು ಹೇಳಿದ್ದು ಪೂರಾ ಖರೆ ಐತಿ, ನಾವು ಅದನ್ನ ಹೊಳಿ ಈ ದಂಡ್ಯಾಗ ಇದ್ದು ನೋಡೀವಿ. ಆದ್ರ ಅದ ಹೊಳಿ ದಂಡ್ಯಾಗ ಆನೆಗೊಂದಿನೂ ಐತಿ, ಅದನ್ನೂ ನೋಡ್ರಿ. ಅಲ್ಲಿ ಕಿಷ್ಕಿಂದಾ ಟ್ರಸ್ಟ್ ಅಂತ 1990 ರ ದಶಕದಿಂದ ಕೆಲಸ ಮಾಡಾಕತ್ತೈತಿ. ಹಳೇ ಮನಿ ಕೆಡವಲಾರದ, ಮಣ್ಣು ಕಟಿಗಿಯಿಂದನ ರಿಪೇರಿ ಮಾಡಿ ಮಂದಿ ಉಳಿಯಾಕ ಕೊಟ್ರು, ಬಾಳಿ ಗಿಡದ ನಾರಿಂದ ಬುಟ್ಟಿ, ಚೀಲ ಮಾಡೂದನ್ನ ಊರ ಹೆಣ್ಮಕ್ಕಳಿಗೆ ಕಲಿಸಿದ್ರು. ಬಾಳಿಗೊನಿ ಕಡದ ಮ್ಯಾಲ ಗದ್ದ್ಯಾಗ ಕೊಳಿಯೂ ದಿಂಡಿನ ನಾರು ಅದು, ಅದರಿಂದ ಮನಿ ಖರ್ಚು ನಡೆಯೂವಂಗ ಆತು. ಇದೆಲ್ಲಾ ಒಂದು ಸೀಸನ್ನಿನಾಗ ಆಗಿದ್ದಲ್ಲ, ವರ್ಷಗಟ್ಟಲೆ ಒಬ್ಬರು ಊರಾಗ ಕುಂತು ಮಾಡಿದ್ದು. ಈಗ ಬಾಜೂಕಿನ ಅಂಜನಾದ್ರಿ ಗುಡ್ಡಕ್ಕ ಮಂದಿ ಹೆಚ್ಚಾಗಿ ಗದ್ದಲ, ಟ್ರಾಫಿಕ್ಕು ಎಲ್ಲಾ ಐತಿ. ಆದ್ರ ಊರಾಗ ಒಂದು ಕಟ್ಟಿಕೊಂಡ ಪದ್ಧತಿ ಇದ್ದದ್ದಕ್ಕ ಪೂರಾ ಕೈ ಬಿಟ್ಟು ಹೋಗಿಲ್ಲ. ನೀವು ಮೊದಲನ ನಿಯಮ ಬರದು ಇಟ್ಕೊಳ್ರಿ, ಮಂದಿ ಬರಾಕ ಹತ್ತಿದ ಮ್ಯಾಲ ನಿಯಮ ಹೇಳಿದ್ರ ಯಾರೂ ಕೇಳೂದಿಲ್ಲ.

ಲೊಕ್ಕಿಗುಂಡಿ ಓಣಿ:
ಬೆಟಗೇರಿ ಅಣ್ಣಾರ, ನಿಮ್ಮ ಅಂಜಿಕಿ ನನಗೂ ಐತಿ. ಅದಕ ಹೊಸಾ ಕಟ್ಟಡ ಬ್ಯಾಡ, ಇದ್ದ ಮನಿ ಅಂತ ಹೇಳಿದ್ದು. ನನ್ನ ವಿಚಾರದಾಗ ಇರೋ ನಿಯಮ ಹೇಳ್ತೀನಿ. ಮನಿ ಮಾಲಕರು ಅದ ಮನ್ಯಾಗ ವಾಸ ಇರಬೇಕು, ಲೀಸಿಗೆ ಕೊಟ್ಟು ಊರ ಬಿಟ್ಟವರಿಗೆ ಅವಕಾಶ ಇಲ್ಲ. ಒಂದು ಮನಿಗೆ ಎರಡು ಕೋಲಿಗಿಂತ ಹೆಚ್ಚು ಇಲ್ಲ. ಸರದಿ ಪ್ರಕಾರ ಮಂದಿ ಕಳಸೂದು, ಛಲೋ ಇಂಗ್ಲಿಷ್ ಬರೋರ ಮನಿಗೇ ಎಲ್ಲಾರೂ ಹೋದ್ರ ಬಾಜೂ ಮನಿಯವ್ರು ಸಿಟ್ಟಾಗ್ತಾರ, ಊರಾಗ ಜಗಳ ಶುರುವಾಗೂದ ಅಲ್ಲಿಂದ. ಬಂದ ರೊಕ್ಕದಾಗ ಒಂದು ಪಾಲು ಊರ ಖಾತೆಗೆ, ಅದರಾಗ ಶೌಚಾಲಯ ತೊಳೆಯೋರ ಪಗಾರ, ಕಸ ಎತ್ತೋರ ಪಗಾರ ಮೊದಲ ಹೋಗಬೇಕು, ಮಿಕ್ಕಿದ್ದು ಬಾವಿ ಹೂಳು ತೆಗಿಯಾಕ. ಸಂರಕ್ಷಿತ ಪಟ್ಟ್ಯಾಗ ಇಲ್ಲದ ಎಷ್ಟೋ ಬಾವಿ ನಮ್ಮೂರ ಹಿತ್ತಲದಾಗ ಕಸ ತುಂಬಿ ಬಿದ್ದಾವ. ಅವು ಹೂಳು ತೆಗದ್ರ ನೀರೂ ಆತು, ನೋಡಾಕ ಜಾಗನೂ ಆತು.

ತುಂಗಭದ್ರಾ ದಂಡಿ:
ನಾನು ಹಾವೇರಿ ಕಡೆ ಶಾಲಿ ಟೀಚರ್ ಅದೀನ್ರಿ. ಲಕ್ಕುಂಡಿಗೆ ಹೈವೇ ಐತಿ, ಅರ್ಧಾ ತಾಸರೆ ಮಂದಿ ಬರ್ತಾರ. ನಮ್ಮ ಗಳಗನಾಥಕ್ಕ, ಚೌಡಯ್ಯದಾನಪುರಕ್ಕ ಬರೋರು ಯಾರು? ಗಳಗನಾಥದಾಗ ವರದಾ ಬಂದು ತುಂಗಭದ್ರಾ ಸೇರೂ ಜಾಗದಾಗ ಗಳಗೇಶ್ವರ ಗುಡಿ, ಬುಡಕ್ಕ ಇಳಿಜಾರು ಕಲ್ಲು ಪೇರಿಸಿ ಗುಡಿಗೆ ಆಸರ ಕೊಟ್ಟಾರ, ಅಂಥಾದ್ದು ಸುತ್ತಮುತ್ತ ಬ್ಯಾರೆ ಎಲ್ಲೂ ನಾ ಕಂಡಿಲ್ಲ. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ಹೊಳಿ ದಂಡಿಗೇ ಐತಿ, ಅಂಬಿಗರ ಚೌಡಯ್ಯನ ಹೆಸರಿನ ಊರು. ಅಂಗಳದಾಗ ಆಳೆತ್ತರದ ಶಾಸನದ ಕಲ್ಲು ನಿಂತಾವ. ಬಂಕಾಪುರ ಕ್ವಾಟಿಯೊಳಗ ನಗರೇಶ್ವರ ಗುಡಿ, ಅರವತ್ತು ಕಂಬದ ಗುಡಿ ಅಂತೀವಿ ನಾವು, ಸುತ್ತ ನವಿಲುಧಾಮ. 2023 ರ ಜನವರಿಯಾಗ ಹಾವೇರ್ಯಾಗ 86 ನೇ ಸಾಹಿತ್ಯ ಸಮ್ಮೇಳನ ಆತು, ನಾಡಿನ ಎಲ್ಲಾ ಕಡಿಯಿಂದ ಕನ್ನಡದ ಮಂದಿ ಬಂದಿದ್ರು, ಅವರನ್ನ ಈ ಶಾಸನಗಳ ಮುಂದ ಕರಕೊಂಡು ಹೋಗಾಕ ಒಂದು ಬಸ್ಸಿನ ವ್ಯವಸ್ಥಾ ಬೇಕಿತ್ತು ಅಂತ ನನಗ ಇವತ್ತಿಗೂ ಅನಸತೈತಿ.

ನನ್ನ ಸಲಹಾ ಒಂದೈತಿ. ಗೈಡ್ ಅಂದ್ರ ಹೊರಗಿಂದ ಟ್ರೇನಿಂಗ್ ಕೊಡಿಸಿ ತರೂದು ಅಂತ ಎಲ್ಲಾರೂ ತಿಳ್ಕೊಂಡಾರ. ಊರಾಗ ರಿಟೈರ್ ಆದ ಮಾಸ್ತರು ಇರ್ತಾರ, ಭಜನಿ ಮ್ಯಾಳದವ್ರು ಇರ್ತಾರ, ಅವರಿಗೆ ಕಥಿ ಹೇಳಾಕ ಬರತೈತಿ. ಅವರಿಗೆ ಶಾಸನ ಓದೂದು ಕಲಿಸಿದ್ರ ಸಾಕು. ಧಾರವಾಡ ಕರ್ನಾಟಕ ವಿಶ್ವವಿದ್ಯಾಲಯದಾಗ ಕನ್ನಡ ಸಂಶೋಧನಾ ಸಂಸ್ಥೆ ಐತಿ, ಹಳಗನ್ನಡ ಲಿಪಿ ಬಲ್ಲವರು ಧಾರವಾಡದಾಗ ಸಿಗ್ತಾರ, ರಜಾದಾಗ ನಾಕ್ ದಿನ ಅವರನ್ನ ಊರಿಗೇ ಕರಸ್ರಿ. ನಾ ಒಮ್ಮೆ ನಮ್ಮ ಏಳನೇತ್ತಾ ಹುಡುಗರನ್ನ ಕರಕೊಂಡು ಹೋಗಿ ಶಾಸನದ ಕಲ್ಲಿನ ಮ್ಯಾಲಿನ ಪಟ್ಟಿ ತೋರಿಸಿದ್ದೆ, ಲಿಂಗ, ಪೂಜಾರಿ, ಆಕಳ ಕರ, ಸೂರ್ಯ, ಚಂದ್ರ. ಸೂರ್ಯ ಚಂದ್ರ ಇರೂತನಕ ಈ ದಾನ ನಡೀಲಿ ಅಂತ ಅರ್ಥ ಅಂದೆ. ಒಬ್ಬ ಹುಡುಗ ಎದ್ದು, ಟೀಚರ್, ಈಗ ಆ ದಾನದ ಹೊಲ ಯಾರ ಹತ್ರ ಐತ್ರಿ ಅಂದ. ಅಂಥಾ ಪ್ರಶ್ನಿ ಊರ ಹುಡುಗರು ಕೇಳಾಕ ಹತ್ತಿದ್ರ ಗುಡಿಗೆ ಕಾವಲು ಇಡೂ ಪ್ರಸಂಗ ಬರೂದಿಲ್ರಿ. ಆದ್ರ ಹುಡುಗರನ್ನ ಟಿಪ್ಸ್ ಸಲುವಾಗಿ ಟೂರಿಸ್ಟರ ಹಿಂದ ಬಿಡಬ್ಯಾಡ್ರಿ, ಶಾಲಿ ತಪ್ಪಸ್ತಾರ.

ಬೆಂಗಳೂರಾಗಿನ ಗದಗ ಹುಡುಗ:
ಸೂಪರ್ ಥ್ರೆಡ್. ನಾನ್ ಸಾಫ್ಟ್‌ವೇರ್‌ನಾಗ ಇದೀನಿ, ಫ್ರೀಯಾಗಿ ಒಂದು ಆಪ್ ಮಾಡಿಕೊಡ್ತೀನಿ, ಪ್ರತಿ ಗುಡಿ ಮುಂದ ಕ್ಯೂಆರ್ ಕೋಡ್ ಹಾಕೋಣ, ಸ್ಕ್ಯಾನ್ ಮಾಡಿದ್ರ ಕನ್ನಡ, ಇಂಗ್ಲಿಷ್, ಹಿಂದ್ಯಾಗ ಆಡಿಯೋ ಬರೂ ಹಂಗ. ಬುಕಿಂಗೂ ಅದರಾಗ.

ಹುಬ್ಬಳ್ಳಿ ಸ್ಟೇರಿಂಗ್:
ತಮ್ಮಾ, ಮನಸ್ಸು ಛಲೋ ಐತಿ ನಿಂದು. ಆದ್ರ ಮೊದಲ ಒಂದು ಫೋನ್ ನಂಬರ್ ಆಗಲಿ. ರಾತ್ರಿ ಎಂಟಕ್ಕ ಫೋನ್ ಹಚ್ಚಿದ್ರ ಎತ್ತಬೇಕು, ಕೋಲಿ ಐತೋ ಇಲ್ಲೋ ಹೇಳಬೇಕು, ಶೌಚಾಲಯದ ಕೀಲಿ ಅವರ ಹತ್ರನ ಇರಬೇಕು. ಅಷ್ಟಾದ ಮ್ಯಾಲ ಆಪ್ ಮಾಡೂಣಂತ.

ಬೆಂಗಳೂರಾಗಿನ ಗದಗ ಹುಡುಗ:
ಸರಿ ಅಣ್ಣಾ, ಒಪ್ಪಿದೆ. ಹಂಗಿದ್ರ ನಾ ಸಣ್ಣ ಕೆಲಸ ಮಾಡ್ತೀನಿ, ಗೂಗಲ್ ಮ್ಯಾಪ್‌ನಾಗ ನಮ್ಮ ಕಡೆ ಗುಡಿ, ಬಾವಿ ಎಷ್ಟೋ ಇಲ್ಲ, ಇದ್ದವೂ ಬ್ಯಾರೆ ಜಾಗಕ್ಕ ತೋರಸ್ತಾವ. ಸಂಕ್ರಾಂತಿಗೆ ಊರಿಗೆ ಬಂದಾಗ ಅವನ್ನ ಸರಿ ಮಾಡಿ ಹಾಕ್ತೀನಿ, ಕನ್ನಡದಾಗೂ ಹೆಸರು ಹಾಕ್ತೀನಿ.

ನವಲಗುಂದ ಓಣಿ:
ಗುಡಿ ಬಗ್ಗೆನ ಮಾತು ನಡದೈತಿ, ಕೈಕಸಬಿನ ಬಗ್ಗೆ ಒಂದ್ ಮಾತು ಹೇಳ್ಲಿ? ನಮ್ಮೂರ ಜಮಖಾನಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದ ಅನ್ನೂ ಸರಕಾರಿ ಗುರುತು, ಬಂದು ಎಷ್ಟೋ ವರ್ಷ ಆತು. ನೇಯೋರು ಪೂರಾ ಹೆಣ್ಮಕ್ಕಳು, ನಿಲ್ಲಿಸಿದ ಮಗ್ಗದ ಮುಂದ ಕುಂತು ಹತ್ತಿ ನೂಲು ಒಂದೊಂದ ಎಳಿ ಹಾಕಿ, ಕಬ್ಬಿಣದ ಹಣಗಿಯಿಂದ ಬಡದು ಬಡದು ಕುಂದರಸ್ತಾರ. ನವಿಲು, ಪಗಡಿ ಹಾಸು ಎಲ್ಲಾ ತಲ್ಯಾಗನ ಇರತೈತಿ, ಮುಂದ ಯಾವ ಚಿತ್ರನೂ ಇಟ್ಕೊಂಡಿರೂದಿಲ್ಲ. ಈಗ ಈ ಕೆಲಸ ಮಾಡೋರು ಬೆರಳಾಗ ಎಣಿಸುವಷ್ಟು ಉಳದಾರ, ಯಾಕಂದ್ರ ದಿನಗಟ್ಟಲೆ ಕುಂತು ನೇಯ್ದದ್ದಕ್ಕ ಬರೋ ಕೂಲಿ ಹೊಲದ ಕೂಲಿಗೂ ಸಮ ಆಗೂದಿಲ್ಲ. ಟೂರಿಸ್ಟ್ ಬಂದು ಫೋಟೋ ಹೊಡಕೊಂಡು ಹೋದ್ರ ಅವರಿಗೆ ಏನೂ ಉಪಯೋಗ ಇಲ್ಲ, ಕೆಲಸ ನಿಲ್ಲಿಸಿ ನಗಬೇಕು ಅಷ್ಟ. ಅದಕ ನಾ ಕೇಳೂದು, ನಿಮ್ಮ ಐದಾರು ಮನಿಗೆ ಹಾಸಾಕ ಜಮಖಾನಿ ನಮ್ಮಲ್ಲೇ ಆರ್ಡರ್ ಕೊಡ್ರಿ. ಬಂದವರು ಅದರ ಮ್ಯಾಲ ಕುಂತು ಉಂಡು, ಎಲ್ಲಿ ಮಾಡಿದ್ದು ಅಂತ ಕೇಳ್ತಾರ, ಬೇಕಂದವರು ಆರ್ಡರ್ ಹಾಕ್ತಾರ. ಮಗ್ಗ ನೋಡಾಕ ಬರಬೇಕಂದ್ರ ಮೊದಲ ಹೇಳಿ ಬರ್ಲಿ, ನೇಯೋರಿಗೆ ಆ ತಾಸಿನ ರೊಕ್ಕ ಕೊಡ್ಲಿ. ಕಲಘಟಗಿ ತೊಟ್ಟಿಲ ಮಾಡೋರ ಕಥಿನೂ ಹಿಂಗ ಐತಿ, ವಿಚಾರ ಮಾಡ್ರಿ.

ಬೆಟಗೇರಿ ಮಗ್ಗ:
ನವಲಗುಂದ ಅಕ್ಕಾರ ಮಾತು ಮನಸ್ಸಿಗೆ ನಾಟಿತು. ಆ ತಾಸಿನ ರೊಕ್ಕ ಅನ್ನೂದು ಎಲ್ಲಾ ಕಡೆ ಬರಬೇಕು. ಬೆಟಗೇರಿಗೆ ಬರೂದಾದ್ರ ವೀರಗಲ್ಲಿನ ಸಾಲು ಐತಿ, ಅದನ್ನೂ ನಿಮ್ಮ ದಾರ್ಯಾಗ ಸೇರಸ್ಕೊಳ್ರಿ. ನೀರಿನ ವಿಷಯದಾಗ ಮಾತ್ರ ನಾ ಬಿಡೂದಿಲ್ಲ, ಈಜುಕೊಳ ಇಲ್ಲ, ಹೊಸಾ ಬೋರ್ ಇಲ್ಲ ಅಂತ ನಿಮ್ಮ ನಿಯಮದಾಗ ಬರೀರಿ.

ಮಾಗಡಿ ಕೆರಿ:
ಶಿರಹಟ್ಟಿ ತಾಲೂಕಿನಾಂವ ನಾನು. ನಮ್ಮ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಬರ್ತಾವ, 2024 ರಾಗ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರೈತಿ. ಹಗಲು ನೀರಾಗ ಇರ್ತಾವ, ರಾತ್ರಿ ಸುತ್ತಲಿನ ಹೊಲಕ್ಕ ಮೇಯಾಕ ಹೋಗ್ತಾವ. ಅಂದ್ರ ಹಕ್ಕಿಗೆ ಹೊಟ್ಟಿಗೆ ಹಾಕೋರು ನಮ್ಮ ರೈತರು, ಆದ್ರ ನೋಡಾಕ ಬಂದವರಿಂದ ಆ ರೈತರಿಗೆ ಒಂದು ಪೈಸಾ ಇಲ್ಲ. ಲಕ್ಕುಂಡಿ ಅಣ್ಣಾರ ಊರ ಖಾತೆ ಅಂದ್ರಲ್ಲ, ನಮ್ಮಲ್ಲೂ ಅಂಥಾದ್ದ ಬೇಕು, ಕೆರಿ ಸುತ್ತಲಿನ ಹೊಲದವರಿಗೆ ಪಾಲು ಇರೂವಂಥಾದ್ದು. ಡ್ರೋನ್ ಹಾರಸೋರಿಗೆ ಮಾತ್ರ ಕೆರಿ ಹತ್ರನೂ ಬಿಡಬಾರದು, ಒಮ್ಮೆ ಎದ್ದ ಹಿಂಡು ಕುಂದ್ರಾಕ ಭಾಳ ಹೊತ್ತು ಬೇಕು. ದಂಬಳದ ದೊಡ್ಡಬಸಪ್ಪ ಗುಡಿನೂ ಮರೀಬ್ಯಾಡ್ರಿ, 24 ಮೂಲಿಯ ನಕ್ಷತ್ರದಂಗ ಕಟ್ಟಿದ್ದು, ಕಪ್ಪತ್ತಗುಡ್ಡದ ಬುಡಕ್ಕ. ಗುಡ್ಡ 2019 ರಿಂದ ವನ್ಯಜೀವಿ ಧಾಮ, ಕಂಡಲ್ಲಿ ಹತ್ತಾಕ ಹೋಗೂದು ಬ್ಯಾಡ, ಅರಣ್ಯದವರನ್ನ ಕೇಳೇ ಹೋಗಬೇಕು.

ಕುಂದಗೋಳ ಪ್ಯಾಟಿ:
ಎಲ್ಲಾರೂ ಕಾರಿನ ದಾರಿ ಹೇಳಾಕತ್ತೀರಿ, ರೈಲು ಮರತ್ರೇನು? ಕುಂದಗೋಳಕ್ಕ ಸ್ಟೇಷನ್ ಐತಿ, ಅಣ್ಣಿಗೇರಿಗೆ ಐತಿ, ಗದಗ ಜಂಕ್ಷನ್ ಐತಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಾಗ ಕುಂದಗೋಳಕ್ಕ ಬಂದು ಗಾಯಕ ಸವಾಯಿ ಗಂಧರ್ವರ ಹತ್ರ ಸಂಗೀತದ ಪಾಠ ಹೇಳಿಸ್ಕೊಂಡು ತಿರುಗಿ ಹೋಗ್ತಿದ್ರು, ಭೀಮಸೇನ ಜೋಶಿಯವ್ರು ಗುರುಗಳ ಹತ್ರನ ಇದ್ದು ಕಲಿತ್ರು. ಇವತ್ತಿಗೂ ನಾಡಿಗೇರ ವಾಡೆದಾಗ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ರಾತ್ರಿಯೆಲ್ಲಾ ನಡೀತೈತಿ, ನೆಲದ ಮ್ಯಾಲ ಕುಂತು ಕೇಳೂದು, ಹಾಡೋರ ಉಸಿರು ಕೇಳುವಷ್ಟು ಹತ್ರ. ಅದ ರೈಲಿನಾಗ ಬಂದು ಹಾಡು ಕೇಳಿ, ಮರುದಿನ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕ ಹೋದ್ರ ಅಂಧ ಮಕ್ಕಳು ಕುಂತು ರಿಯಾಜ್ ಮಾಡೂದು ಕೇಳತೈತಿ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಜಾಗ. ಅದು ತಮಾಷಾ ನೋಡೂ ಜಾಗ ಅಲ್ಲ, ಅದನ್ನೂ ಬಂದವರಿಗೆ ಮೊದಲ ಹೇಳಿ ಕಳಸಬೇಕು. ಗುಡಿ ನೋಡೋರು ಬ್ಯಾರೆ, ಹಾಡು ಕೇಳೋರು ಬ್ಯಾರೆ ಅಂತ ಮಾಡಬ್ಯಾಡ್ರಿ, ವೀರನಾರಾಯಣ ಗುಡ್ಯಾಗ ಕುಂತು ಕುಮಾರವ್ಯಾಸ ಬರದದ್ದೂ ಓದಿ ಹಾಡೂವಂಥಾದ್ದನ, ಗಮಕದವರು ಇನ್ನೂ ಅದಾರ ನಮ್ಮ ಕಡೆ.

ಮೈಸೂರು ಮಾವಿನಕೆರೆ:
ಕುಂದಗೋಳದವರೇ, ಆ ಸಂಗೀತೋತ್ಸವದ ತಾರೀಖು ಮೊದಲೇ ಹೇಗೆ ಗೊತ್ತಾಗುತ್ತೆ? ಮುಗಿದ ಮೇಲೆ ಪೇಪರ್‌ನಲ್ಲಿ ಫೋಟೋ ನೋಡೋದೇ ಆಗಿದೆ. ದೂರದಿಂದ ಬರೋರಿಗೆ ಎರಡು ತಿಂಗಳು ಮುಂಚೆ ಗೊತ್ತಾಗಬೇಕು, ರೈಲು ಟಿಕೆಟ್ ಸಿಗಬೇಕಲ್ಲ. ನಿಮ್ಮ ಕಡೆ ಜಾತ್ರೆ, ಉತ್ಸವ, ಹಕ್ಕಿ ಬರೋ ಕಾಲ ಎಲ್ಲಾ ಒಂದು ಹಾಳೆಯಲ್ಲಿ ಬರೆದು ಹಾಕಿದ್ರೆ ಅರ್ಧ ಕೆಲಸ ಆದ ಹಾಗೆ.

ಲೊಕ್ಕಿಗುಂಡಿ ಓಣಿ:
ಇಷ್ಟು ಮಂದಿ ಇಷ್ಟು ಮನಸ್ಸು ಬಿಚ್ಚಿ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಇದನ್ನೆಲ್ಲಾ ಕೂಡಿಸಿ ಒಂದು ಕಚ್ಚಾ ದಾರಿ ಹಾಕೀನಿ, ತಪ್ಪಿದ್ರ ತಿದ್ರಿ. ಶುಕ್ರವಾರ ಮಧ್ಯಾಹ್ನ ಹುಬ್ಬಳ್ಳಿಯಿಂದ ರೈಲಿನಾಗ ಅಣ್ಣಿಗೇರಿ, ಪಂಪನ ಊರು, ಅಮೃತೇಶ್ವರ ಗುಡಿ ನೋಡಿ ಮತ್ತ ಸಂಜಿ ರೈಲಿಗೆ ಗದಗ, ಬಸ್ಸಿನಾಗ ಲಕ್ಕುಂಡಿ. ರಾತ್ರಿ ರೊಟ್ಟಿ, ಎಣ್ಣೆಗಾಯಿ, ಇಲ್ಲಾಂದ್ರ ಆ ಸೀಸನ್ನಿನಾಗ ಹೊಲದಾಗ ಬಂದದ್ದು, ಮಾದಲಿ. ಶನಿವಾರ ಮುಂಜಾನೆ ಬಿಸಲು ಏರೂ ಮುಂಚೆ ಕಾಶಿವಿಶ್ವೇಶ್ವರ, ನಾಷ್ಟಾ ಆದ ಮ್ಯಾಲ ಜಿನಾಲಯ, ಮ್ಯೂಸಿಯಂ, ಬಾವಿ, ಬಿಸಲ ಹೊತ್ತಿನಾಗ ಮನ್ಯಾಗ ಮಲಗೂದು, ಸಂಜೀಕ ಬ್ಯಾರೆ ಓಣಿ ಬಾವಿಗಳು, ರಾತ್ರಿ ಕಟ್ಟಿ ಮ್ಯಾಲ ಭಜನಿ ಇದ್ರ ಭಜನಿ. ರವಿವಾರ ದಂಬಳ, ಚಳಿಗಾಲ ಆದ್ರ ಮಾಗಡಿ, ಮುಂದ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಕನ್ನಡದ ತಿರುಳು ಅಂತ ಕವಿರಾಜಮಾರ್ಗ ಹೇಳಿದ ಪುಲಿಗೆರೆ ಅದ ಊರು, ಅಲ್ಲಿಂದ ಯಲವಿಗಿ ಸ್ಟೇಷನ್ನಿಗೆ ಹೋಗಿ ಹುಬ್ಬಳ್ಳಿ ಕಡೆನರೆ ಹಾವೇರಿ ಕಡೆನರೆ ರೈಲು ಹತ್ತಬಹುದು. ಹಾವೇರಿ ಟೀಚರ್ ಅಕ್ಕಾರ, ಅಲ್ಲಿಂದ ಮುಂದಿನ ದಾರಿ ನೀವು ಬರೀರಿ.

ಒಂದು ರಾತ್ರಿಗೆ ಊಟ ನಾಷ್ಟಾ ಸೇರಿ ಒಬ್ಬರಿಗೆ 1000 ರೂಪಾಯಿ ಇಡೂದು ಅಂತ ವಿಚಾರ, ಅದರಾಗ 150 ಊರ ಖಾತೆಗೆ. ಬೇಸಿಗ್ಯಾಗ, ಅಂದ್ರ ಮಾರ್ಚ್‌ದಿಂದ ಮ್ಯಾಲ ಮುಂಗಾರು ಬರೂತನಕ, ಬಂದ್ ಇಡೂದು, ನೀರೂ ಇರೂದಿಲ್ಲ, ಬಿಸಲಾಗ ಬಂದವರೂ ಬಳಲ್ತಾರ.

ಬೆಟಗೇರಿ ಮಗ್ಗ:
ಬ್ಯಾಸಗಿ ಬಂದ್ ಅಂದ್ರಿ, ಅದಕ ನನ್ನ ಪೂರಾ ಒಪ್ಪಿಗಿ ಐತಿ. ಆದ್ರ ಇದನ್ನ ಇಲ್ಲಿ ನಾವು ಎಂಟ್ಹತ್ತು ಮಂದಿ ಠರಾಸಿದ್ರ ಆಗೂದಿಲ್ಲ. ಗ್ರಾಮಸಭಾದಾಗ ಇಡ್ರಿ, ಹೆಣ್ಮಕ್ಕಳ ಸಂಘದವರು ಕುಂತಿರಬೇಕು, ಯಾಕಂದ್ರ ರೊಟ್ಟಿ ಬಡಿಯೋರು ಅವ್ರು, ಬಚ್ಚಲ ತೊಳಿಯೋರೂ ಅವ್ರು. ರೊಕ್ಕ ಅವರ ಹೆಸರಿನ ಖಾತೆಗೇ ಹೋಗಬೇಕು, ಗಂಡಸರ ಕೈಯಾಗಲ್ಲ.

ಲೊಕ್ಕಿಗುಂಡಿ ಓಣಿ:
ಆತ್ರಿ, ಅದನ್ನ ಹಂಗ ಬರಕೊಂಡೆ. ನಮ್ಮ ಅವ್ವ ಸಂಘದಾಗ ಅದಾಳ, ಆಕಿ ಕೇಳಿದ ಮೊದಲ ಪ್ರಶ್ನಿ, ಬಂದವರು ಮುಸುರಿ ಪಾತ್ರಿ ತಾವ ತೊಳಿತಾರೋ ನಾವ ತೊಳೀಬೇಕೋ ಅಂತ. ಅದನ್ನೂ ಸಭಾದಾಗ ಕೇಳ್ತೀವಿ. ಬಾವಿ ಹತ್ರದ ಅಜ್ಜಿ ಅಂದ್ರಲ್ಲ ಮೈಸೂರು ಅಕ್ಕಾರು, ಯಾರ ಮನಿ ಅಂತ ನನಗ ಗೊತ್ತಾತು, ಅವರ ಮನಿನೂ ಪಟ್ಟ್ಯಾಗ ಸೇರಸಾಕ ಕೇಳ್ತೀನಿ, ಅವರು ಒಪ್ಪಿದ್ರ ಮಾತ್ರ.

ತುಂಗಭದ್ರಾ ದಂಡಿ:
ಹಾವೇರಿ ಕಡೆ ದಾರಿ ನಾ ಬರೀತೀನ್ರಿ, ಸವಣೂರಿನ ದೊಡ್ಡಹುಣಸಿ ಮರ, ಬಂಕಾಪುರ, ಶಿಶುನಾಳ, ಬಾಡ, ಕಾಗಿನೆಲೆ, ಹಾನಗಲ್ ತಾರಕೇಶ್ವರ, ಆಮ್ಯಾಲ ಹೊಳಿ ದಂಡಿ ಊರುಗಳು. ಬಸ್ಸಿನ ಟೈಮ್ ಡಿಪೋದಾಗ ಕೇಳಿಕೊಂಡು ಹಾಕ್ತೀನಿ. ಗಳಗನಾಥಕ್ಕ ಹೋದವರು ಸಂಜೀಕ ತಿರುಗಿ ಬರಾಕ ಬಸ್ಸು ಐತೋ ಇಲ್ಲೋ ಅನ್ನೂದ ದೊಡ್ಡ ಪ್ರಶ್ನಿ. ಇಲ್ಲದಿದ್ರ ಅಲ್ಲೂ ಎರಡು ಮನಿ ಹುಡುಕಬೇಕಾಗತೈತಿ, ನನ್ನ ಹಳೇ ವಿದ್ಯಾರ್ಥಿಗಳ ಮನಿ ಅದಾವ, ಈ ರವಿವಾರ ಹೋಗಿ ಮಾತಾಡಿ ಬರ್ತೀನಿ.

ಹುಬ್ಬಳ್ಳಿ ಸ್ಟೇರಿಂಗ್:
ಅಕ್ಕಾರ, ಡ್ರೈವರ್ ಪಡಸಾಲಿ ಅಲ್ಲೂ ನೆನಪಿಡ್ರಿ. ಲಕ್ಕುಂಡಿ ಅಣ್ಣಾರ, ಗ್ರಾಮಸಭಾ ಆದ ಮ್ಯಾಲ ಆ ಫೋನ್ ನಂಬರ್ ಯಾರದು ಅಂತ ಠರಾವಾದ್ರ ನನಗ ಮೆಸೇಜ್ ಹಾಕ್ರಿ, ನಮ್ಮ ಗಾಡಿಯವರ ಗ್ರೂಪಿನಾಗ ನಾ ಹಾಕ್ತೀನಿ.